ನಾನ್ ರಿಫಂಡಬಲ್ ವಿಮಾನ ಟಿಕೆಟ್ ಕ್ಯಾನ್ಸಲ್ ಮಾಡುವಾಗ: ಕೌಂಟರ್ ಕೆಲಸ ಕಲಿಯುವವರಿಗೆ ಟಿಪ್ಪಣಿ

ಕೊಪ್ಪಳ, ಗಂಗಾವತಿ, ಸಿಂಧನೂರು ಕಡೆ ಟಿಕೆಟ್ ಬುಕಿಂಗ್ ಕೆಲಸ ಕಲಿಯುತ್ತಿರುವ ಗೆಳೆಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಮ್ಮ ಕಡೆಯ ಜನ ವಿಮಾನ ಹತ್ತುವುದು ಹೆಚ್ಚಾಗಿ ಹೈದರಾಬಾದ್, ಹುಬ್ಬಳ್ಳಿ ಅಥವಾ ಬೆಂಗಳೂರಿನಿಂದ. ಬಳ್ಳಾರಿ ಕಡೆಯವರಿಗೆ ತೋರಣಗಲ್ಲಿನ ವಿದ್ಯಾನಗರವೂ ಇದೆ. ಎಲ್ಲರೂ ಕೇಳುವುದು ಒಂದೇ: ಕಡಿಮೆ ರೇಟಿನ ಟಿಕೆಟ್ ಯಾವುದು? ಆ ಕಡಿಮೆ ರೇಟಿನ ಟಿಕೆಟ್ ಬಹಳ ಸಲ ನಾನ್ ರಿಫಂಡಬಲ್, ಅಂದರೆ ರದ್ದು ಮಾಡಿದರೆ ಪ್ರಯಾಣದ ದರ ವಾಪಸ್ ಬಾರದ ಬಗೆಯದು ಆಗಿರುತ್ತದೆ. ಆಮೇಲೆ ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲ, ಮದುವೆ ಮುಂದಕ್ಕೆ ಹೋಯಿತು, ಪರೀಕ್ಷೆ ದಿನಾಂಕ ಬದಲಾಯಿತು ಎಂದು ವಾಪಸ್ ಬರುತ್ತಾರೆ. ಆಗ ಕೌಂಟರಿನಲ್ಲಿ ಸಿಗುವ ಉತ್ತರ, "ಅದು ನಾನ್ ರಿಫಂಡಬಲ್ ಐತ್ರಿ ಅಕ್ಕಾರೆ, ದುಡ್ಡು ಹೋತು ಬಿಡ್ರಿ."

ಈ ಉತ್ತರ ತಪ್ಪು. ನಮ್ಮ ದೇಶದ ವಿಮಾನ ಸಂಸ್ಥೆಯ ಟಿಕೆಟ್ ಆಗಿದ್ದರೆ ಸ್ವಲ್ಪವಾದರೂ ಹಣ ವಾಪಸ್ ಬರಲೇಬೇಕು. ಕೆಲವು ಸಲ ಪೂರ್ತಿ ಬರುತ್ತದೆ. ಎಷ್ಟು, ಯಾವಾಗ, ಹೇಗೆ ಎಂಬುದನ್ನು ನಾವು ತಿಳಿದುಕೊಂಡಿದ್ದರೆ ಮಾತ್ರ ಗಿರಾಕಿಗೆ ಹೇಳಲು ಸಾಧ್ಯ, ಅಲ್ವಾ?

ಮೊದಲು ಟಿಕೆಟ್‌ನ ದರ ವಿಭಜನೆ ನೋಡಿ. ಇದಕ್ಕಿಂತ ಮುಖ್ಯವಾದದ್ದು ಈ ಪಾಠದಲ್ಲಿ ಇನ್ನೊಂದಿಲ್ಲ. ಟಿಕೆಟ್ ಮೇಲೆ ಬರೆದಿರುವ ಒಟ್ಟು ಮೊತ್ತದಲ್ಲಿ ಮೂಲ ದರ ಒಂದು ಭಾಗ ಮಾತ್ರ. ಅದರ ಜೊತೆ ಇಂಧನ ಶುಲ್ಕ ಇರಬಹುದು. ಉಳಿದದ್ದು ಜಿಎಸ್‌ಟಿ, ವಿಮಾನ ನಿಲ್ದಾಣದ ಯೂಸರ್ ಡೆವಲಪ್‌ಮೆಂಟ್ ಫೀ, ಅಂದರೆ ಯುಡಿಎಫ್, ಮತ್ತು ಭದ್ರತಾ ಶುಲ್ಕ. ದೇಶದೊಳಗಿನ ಪ್ರಯಾಣಕ್ಕೆ ಭದ್ರತಾ ಶುಲ್ಕ 2021ರ ಏಪ್ರಿಲ್‌ನಲ್ಲಿ 200 ರೂಪಾಯಿ ಆಯಿತು. ಯುಡಿಎಫ್ ಒಂದೊಂದು ನಿಲ್ದಾಣದಲ್ಲಿ ಒಂದೊಂದು ಥರ.

ಡಿಜಿಸಿಎ, ಅಂದರೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಟಿಕೆಟ್ ರಿಫಂಡ್ ಬಗ್ಗೆ ಒಂದು ನಿಯಮ ಮಾಡಿದೆ. ಅದರಲ್ಲಿ ಎರಡು ಮಾತು ಸ್ಪಷ್ಟವಾಗಿವೆ. ಕ್ಯಾನ್ಸಲೇಷನ್ ಶುಲ್ಕ ಎಷ್ಟೇ ಆದರೂ ಮೂಲ ದರ ಮತ್ತು ಇಂಧನ ಶುಲ್ಕ ಸೇರಿಸಿದ ಮೊತ್ತವನ್ನು ದಾಟುವಂತಿಲ್ಲ. ಟಿಕೆಟ್ ರದ್ದಾದರೂ, ಬಳಸದೇ ಹೋದರೂ, ಸರ್ಕಾರಿ ತೆರಿಗೆ ಮತ್ತು ನಿಲ್ದಾಣದ ಶುಲ್ಕಗಳನ್ನು ವಾಪಸ್ ಕೊಡಬೇಕು. ಆಫರ್ ಟಿಕೆಟ್‌ಗೂ ಇದು ಅನ್ವಯ, ಮೂಲ ದರ ನಾನ್ ರಿಫಂಡಬಲ್ ಆಗಿದ್ದರೂ ಅನ್ವಯ. ರಿಫಂಡ್ ಮಾಡಿಕೊಟ್ಟಿದ್ದಕ್ಕೆ ಅಂತ ವಿಮಾನ ಸಂಸ್ಥೆ ಬೇರೆ ಶುಲ್ಕ ಹಾಕುವಂತಿಲ್ಲ.

ಒಂದು ಲೆಕ್ಕ ಹಿಡಿಯೋಣ. ಇವು ಉದಾಹರಣೆಗೆ ಹಾಕಿಕೊಂಡ ಅಂಕಿಗಳು. ಟಿಕೆಟ್ ಒಟ್ಟು 4,050 ರೂಪಾಯಿ. ಮೂಲ ದರ 2,600, ಇಂಧನ ಶುಲ್ಕ 400, ಜಿಎಸ್‌ಟಿ 150, ಯುಡಿಎಫ್ 700, ಭದ್ರತಾ ಶುಲ್ಕ 200. ಸಂಸ್ಥೆ ಹೆಚ್ಚೆಂದರೆ 3,000 ಇಟ್ಟುಕೊಳ್ಳಬಹುದು. ಉಳಿದ 1,050 ಪ್ರಯಾಣಿಕರದ್ದು. ನಾಲ್ಕು ಜನರ ಕುಟುಂಬವಾದರೆ 4,200 ಆಯಿತು. ಇನ್ನೂ ಅಗ್ಗದ ಆಫರ್ ಟಿಕೆಟ್‌ನಲ್ಲಿ ಮೂಲ ದರ ಕಡಿಮೆ ಇರುತ್ತದೆ, ಯುಡಿಎಫ್ ಮಾತ್ರ ಅಷ್ಟೇ ಇರುತ್ತದೆ. ಹಾಗಾಗಿ ವಾಪಸ್ ಬರುವ ಪಾಲು ಇನ್ನೂ ಜಾಸ್ತಿ. ಬುಕಿಂಗ್ ವೆಬ್‌ಸೈಟ್ ತೆಗೆದುಕೊಳ್ಳುವ ಕನ್ವೀನಿಯನ್ಸ್ ಫೀ ಮಾತ್ರ ಸಾಮಾನ್ಯವಾಗಿ ಬರುವುದಿಲ್ಲ. ಅದನ್ನು ಮೊದಲೇ ಹೇಳಿಬಿಡಿ.

ಇನ್ನೊಂದು ಮಾತು. ಹೋಗುವುದಿಲ್ಲ ಎಂದು ಗೊತ್ತಾದ ಮೇಲೆ ಟಿಕೆಟ್ಟನ್ನು ಸುಮ್ನೆ ಬಿಡಬೇಡಿ. ವಿಮಾನ ಹೊರಡುವ ಮುಂಚೆ ಕ್ಯಾನ್ಸಲ್ ಮಾಡಿದ ಟಿಕೆಟ್‌ಗೂ, ಬಾರದೇ ಉಳಿದ ಪ್ರಯಾಣಿಕರ ನೋ ಶೋ ಟಿಕೆಟ್‌ಗೂ ತೆರಿಗೆ ವಾಪಸ್ ಬರಬೇಕಾದದ್ದೇ. ಆದರೆ ನೋ ಶೋ ಆದಾಗ ಹಣ ತಾನಾಗಿ ಬರುವುದಿಲ್ಲ, ಅರ್ಜಿ ಹಾಕಿ ಕೇಳಬೇಕಾದೀತು. ಹೋಗಿ ಬರುವ ಟಿಕೆಟ್ ಒಂದೇ ಪಿಎನ್‌ಆರ್‌ನಲ್ಲಿದ್ದರೆ, ಅಂದರೆ ಒಂದೇ ಬುಕಿಂಗ್ ನಂಬರಿನಲ್ಲಿದ್ದರೆ, ಇನ್ನೂ ಕಷ್ಟ. ಹೋಗುವ ವಿಮಾನ ಹತ್ತದಿದ್ದರೆ ಬಹಳಷ್ಟು ಸಂಸ್ಥೆಗಳು ಬರುವ ಟಿಕೆಟ್ಟನ್ನೂ ರದ್ದು ಮಾಡುತ್ತವೆ. ವೆಬ್ ಚೆಕ್ ಇನ್ ಆಗಿದ್ದರೆ ಮೊದಲು ಅದನ್ನು ತೆಗೆಸಬೇಕು, ಆಮೇಲೆ ಕ್ಯಾನ್ಸಲ್. ಹೊರಡುವ ಹೊತ್ತಿಗೆ ಕೆಲವು ಗಂಟೆ ಇರುವಾಗಲೇ ಆನ್‌ಲೈನ್ ಕ್ಯಾನ್ಸಲೇಷನ್ ನಿಂತುಹೋಗುತ್ತದೆ. ಆ ಸಮಯ ಎಷ್ಟೆಂದು ಆಯಾ ಸಂಸ್ಥೆಯ ಷರತ್ತಿನಲ್ಲಿ ನೋಡಿಟ್ಟುಕೊಳ್ಳಿ.

ಬುಕ್ ಮಾಡಿದ ಕೂಡಲೇ ಮನಸ್ಸು ಬದಲಾಯಿಸಿದವರಿಗೆ ಬೇರೆ ದಾರಿ ಇದೆ. 2025ರಲ್ಲಿದ್ದ ಡಿಜಿಸಿಎ ನಿಯಮದ ಪ್ರಕಾರ ಬುಕಿಂಗ್ ಆದ 24 ಗಂಟೆಯೊಳಗೆ ಶುಲ್ಕವಿಲ್ಲದೆ ಕ್ಯಾನ್ಸಲ್ ಅಥವಾ ಬದಲಾವಣೆ ಮಾಡಬಹುದಿತ್ತು. ಬದಲಾವಣೆಯಾದರೆ ಹೊಸ ವಿಮಾನದ ದರದ ವ್ಯತ್ಯಾಸ ಕೊಡಬೇಕು. ಆದರೆ ಬುಕ್ ಮಾಡಿದ ದಿನದಿಂದ ಪ್ರಯಾಣಕ್ಕೆ 7 ದಿನಕ್ಕಿಂತ ಕಡಿಮೆ ಇದ್ದರೆ ಈ ಸೌಲಭ್ಯ ಇರಲಿಲ್ಲ. ಹೆಸರಿನ ಅಕ್ಷರ ತಪ್ಪಾಗಿದ್ದರೂ 24 ಗಂಟೆಯೊಳಗೆ ಹೇಳಿದರೆ ಅದೇ ವ್ಯಕ್ತಿಯ ಹೆಸರನ್ನು ಪುಕ್ಕಟೆ ಸರಿಪಡಿಸಬೇಕಿತ್ತು. 2025ರ ನವೆಂಬರ್‌ನಲ್ಲಿ ಡಿಜಿಸಿಎ ಹೊರಡಿಸಿದ ಕರಡಿನಲ್ಲಿ ಈ 24 ಗಂಟೆಯನ್ನು 48ಕ್ಕೆ ಏರಿಸುವ ಪ್ರಸ್ತಾಪ ಇತ್ತು. ಹಾಗಾಗಿ ಗಿರಾಕಿಗೆ ಗಂಟೆ, ದಿನದ ಲೆಕ್ಕ ಹೇಳುವ ಮುಂಚೆ ಡಿಜಿಸಿಎ ವೆಬ್‌ಸೈಟಿನಿಂದ ಆವತ್ತಿನ ನಿಯಮದ ಪ್ರತಿ ತೆಗೆದು ಓದಿ. ಹಳೆಯ ಪ್ರಿಂಟ್ ನಂಬಬೇಡಿ.

ಈಗ ಪೂರ್ತಿ ಹಣ ಬರುವ ದಾರಿಗೆ ಬರೋಣ. ಪ್ರಯಾಣಿಕರು ಟಿಕೆಟ್ ರದ್ದು ಮಾಡುವುದು ಬೇರೆ, ವಿಮಾನ ಸಂಸ್ಥೆಯೇ ವಿಮಾನ ರದ್ದು ಮಾಡುವುದು ಬೇರೆ. ಎರಡನೆಯದರಲ್ಲಿ ಟಿಕೆಟ್ ಯಾವ ಬಗೆಯದು ಎಂಬ ಪ್ರಶ್ನೆಯೇ ಏಳುವುದಿಲ್ಲ. ಬೇರೆ ವಿಮಾನ ಕೊಡಬೇಕು, ಇಲ್ಲವೇ ಹಣ ಪೂರ್ತಿ ವಾಪಸ್ ಕೊಡಬೇಕು. ಆಯ್ಕೆ ಪ್ರಯಾಣಿಕರದ್ದು. ಸರಿಯಾದ ಸಮಯಕ್ಕೆ ತಿಳಿಸದೆ ರದ್ದು ಮಾಡಿದರೆ ಪರಿಹಾರವೂ ಉಂಟು. ಹಾರಾಟದ ಅವಧಿ 1 ಗಂಟೆವರೆಗೆ ಇದ್ದರೆ 5,000 ರೂಪಾಯಿ, 1ರಿಂದ 2 ಗಂಟೆ ಇದ್ದರೆ 7,500, ಅದಕ್ಕಿಂತ ಹೆಚ್ಚಿದ್ದರೆ 10,000. ಅಥವಾ ಒಂದು ಕಡೆಯ ಮೂಲ ದರ ಮತ್ತು ಇಂಧನ ಶುಲ್ಕ. ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಹವಾಮಾನದಂಥ ಸಂಸ್ಥೆಯ ಕೈಮೀರಿದ ಕಾರಣವಾದರೆ ಪರಿಹಾರ ಇಲ್ಲ, ಆದರೆ ರಿಫಂಡ್ ಹಕ್ಕು ಹಾಗೇ ಉಳಿಯುತ್ತದೆ. ವಿಮಾನ 6 ಗಂಟೆಗಿಂತ ಹೆಚ್ಚು ತಡ ಎಂದಾದರೂ ಬೇರೆ ವಿಮಾನ ಅಥವಾ ಪೂರ್ತಿ ರಿಫಂಡ್ ಕೇಳಬಹುದು.

ಇಲ್ಲಿಂದ ಒಂದು ಜಾಣತನದ ಲೆಕ್ಕ ಹುಟ್ಟುತ್ತದೆ. ಪ್ರಯಾಣಕ್ಕೆ ಎರಡು ತಿಂಗಳಿದೆ, ಹೋಗುವುದಿಲ್ಲ ಎಂದು ಈಗಲೇ ಖಾತ್ರಿ. ಮೂಲ ದರ ಒಂದು ರೂಪಾಯಿಯೂ ಬಾರದ ಟಿಕೆಟ್. ಇವತ್ತು ಕ್ಯಾನ್ಸಲ್ ಮಾಡಿದರೂ ತೆರಿಗೆ ಮಾತ್ರ, ಹಿಂದಿನ ದಿನ ಮಾಡಿದರೂ ತೆರಿಗೆ ಮಾತ್ರ. ಅವಸರ ಯಾಕೆ? ಆ ನಡುವೆ ಸಂಸ್ಥೆಯೇ ವಿಮಾನ ರದ್ದು ಮಾಡಬಹುದು. ಸಮಯ ಬಹಳ ಹಿಂದೆಮುಂದೆ ಆದರೂ ಉಚಿತ ಬದಲಾವಣೆ ಅಥವಾ ಪೂರ್ತಿ ರಿಫಂಡ್ ಕೊಡುವ ಷರತ್ತು ಬಹುತೇಕ ಸಂಸ್ಥೆಗಳಲ್ಲಿ ಇದೆ. ನೀವು ಮೊದಲೇ ಕ್ಯಾನ್ಸಲ್ ಮಾಡಿದ್ದರೆ ಆ ಅವಕಾಶ ಹೋಯಿತು.

ಆದರೆ ಈ ಸಲಹೆಯನ್ನು ಎಲ್ಲ ಟಿಕೆಟ್‌ಗೂ ಅಂಟಿಸಬೇಡಿ. ಪ್ರಯಾಣದ ದಿನ ಹತ್ತಿರ ಬಂದಷ್ಟೂ ಶುಲ್ಕ ಏರುವ ಟಿಕೆಟ್‌ಗಳಿವೆ. ಅಲ್ಲಿ ಕಾದರೆ ನಷ್ಟ. ಷರತ್ತು ಓದಿ, ಎರಡೂ ಲೆಕ್ಕ ಹಾಕಿ, ಆಮೇಲೆ ಹೇಳಿ. ಕಾಯುವವರ ಮೊಬೈಲ್ ನಂಬರು, ಇಮೇಲ್ ಬುಕಿಂಗ್‌ನಲ್ಲಿ ಸರಿಯಾಗಿರಬೇಕು. ನಮ್ಮ ಕೌಂಟರಿನ ನಂಬರು ಹಾಕಿದ್ದರೆ ಸಮಯ ಬದಲಾದ ಮೆಸೇಜ್ ನಮಗೇ ಬರುತ್ತದೆ. ಅದನ್ನು ಗಿರಾಕಿಗೆ ತಲುಪಿಸುವುದು ನಮ್ಮ ಹೊಣೆ. ಆ ಮೆಸೇಜ್‌ನಲ್ಲಿ 'ಒಪ್ಪಿಗೆ' ಎಂಬ ಬಟನ್ ಇರುತ್ತದೆ. ಯೋಚಿಸದೆ ಒತ್ತಿದರೆ ಹೊಸ ಸಮಯಕ್ಕೆ ಒಪ್ಪಿದಂತೆ. ಆಮೇಲೆ ರಿಫಂಡ್ ಕೇಳುವುದು ಕಷ್ಟ.

ದಿನಾಂಕ ಬದಲಿಸುವುದು ಕೆಲವು ಸಲ ಕ್ಯಾನ್ಸಲ್‌ಗಿಂತ ಅಗ್ಗ. ಶುಲ್ಕದ ಜೊತೆ ದರದ ವ್ಯತ್ಯಾಸವೂ ಸೇರುವುದರಿಂದ ದಸರಾ, ದೀಪಾವಳಿ ಸಮಯಕ್ಕೆ ಬದಲಿಸುವುದಾದರೆ ಹೊಸ ಟಿಕೆಟ್ಟೇ ಲೇಸು ಎನಿಸಬಹುದು. ತಮ್ಮನ ಟಿಕೆಟ್‌ನಲ್ಲಿ ಅಣ್ಣ ಹೋಗಬಹುದಾ ಎಂದು ಬಹಳ ಜನ ಕೇಳುತ್ತಾರೆ. ಆಗುವುದಿಲ್ಲ. ಕ್ರೆಡಿಟ್ ಶೆಲ್ ಬಗ್ಗೆ ಎಚ್ಚರ ಇರಲಿ. ಹಣವನ್ನು ಸಂಸ್ಥೆಯ ಬಳಿಯೇ ಮುಂದಿನ ಪ್ರಯಾಣಕ್ಕೆ ಇಡುವ ವ್ಯವಸ್ಥೆ ಅದು. ಬೇಕೋ ಬೇಡವೋ ಎಂದು ನಿರ್ಧರಿಸುವುದು ಪ್ರಯಾಣಿಕರು, ಸಂಸ್ಥೆಯಲ್ಲ ಎಂದು ನಿಯಮದಲ್ಲೇ ಇದೆ. ವರ್ಷಕ್ಕೊಮ್ಮೆಯೂ ವಿಮಾನ ಹತ್ತದ ಕುಟುಂಬಕ್ಕೆ ಕ್ರೆಡಿಟ್ ಶೆಲ್ ಕೊಟ್ಟರೆ ಅದು ಅವಧಿ ಮುಗಿದು ಹೋಗುತ್ತದೆ ಅಷ್ಟೇ. ಇಂಥವರಿಗೆ ಬ್ಯಾಂಕ್ ಖಾತೆಗೇ ಹಣ ಕೇಳಿ ಎಂದು ನಾನಂತೂ ಹೇಳುತ್ತೇನೆ.

ಕಾಯಿಲೆ ಅಥವಾ ಸಾವಿನ ಕಾರಣಕ್ಕೆ ಪ್ರಯಾಣ ನಿಂತಿದ್ದರೆ ದಾಖಲೆ ಜೊತೆ ಒಂದು ಇಮೇಲ್ ಕಳಿಸಿ. ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ, ವೈದ್ಯರ ಪತ್ರ, ಮರಣ ಪ್ರಮಾಣಪತ್ರ, ಯಾವುದಿದೆಯೋ ಅದು. ಶುಲ್ಕ ಬಿಡುವುದು ಸಂಸ್ಥೆಗೆ ಬಿಟ್ಟದ್ದು, ಆದರೂ ಕೇಳುವುದರಲ್ಲಿ ತಪ್ಪಿಲ್ಲ. ದುಃಖದಲ್ಲಿರುವ ಮನೆಯವರಿಂದ ಇದನ್ನೆಲ್ಲ ಬರೆಸುವುದು ಸರಿಯಲ್ಲ. ಆ ಪತ್ರ ನಾವೇ ಬರೆದುಕೊಡೋಣ. ಟ್ರಾವೆಲ್ ಇನ್ಶೂರೆನ್ಸ್ ತೆಗೆದುಕೊಂಡಿದ್ದರೆ ಅಲ್ಲಿಯೂ ಕ್ಲೇಮ್ ಹಾಕಿ. ಪಾಲಿಸಿಯಲ್ಲಿ ಹೆಸರಿಸಿದ ಕಾರಣಗಳಿಗೆ ಮಾತ್ರ ಹಣ ಸಿಗುತ್ತದೆ. ಮನಸ್ಸು ಬದಲಾಯಿತು ಎಂದರೆ ಸಿಗುವುದಿಲ್ಲ.

ಏಜೆಂಟ್ ಮೂಲಕ ಮಾಡಿದ ಬುಕಿಂಗ್ ನಮಗೇ ಸಂಬಂಧಪಟ್ಟದ್ದು. ಹಣ ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ: ಸಂಸ್ಥೆಯಿಂದ ಏಜೆಂಟ್‌ಗೆ, ಏಜೆಂಟ್‌ನಿಂದ ಗಿರಾಕಿಗೆ. ಕ್ರೆಡಿಟ್ ಕಾರ್ಡ್ ಬುಕಿಂಗ್‌ಗೆ ಕ್ಯಾನ್ಸಲ್ ಆದ 7 ದಿನದೊಳಗೆ ರಿಫಂಡ್ ಆಗಬೇಕು ಎಂದು ನಿಯಮ ಹೇಳುತ್ತಿತ್ತು, ಏಜೆಂಟ್ ಬುಕಿಂಗ್‌ಗೆ 30 ಕೆಲಸದ ದಿನ. 2025ರ ಕರಡಿನಲ್ಲಿ ಈ 30ನ್ನು 21ಕ್ಕೆ ಇಳಿಸುವ ಮಾತಿತ್ತು. ಏಜೆಂಟ್ ಸಂಸ್ಥೆಯ ಪ್ರತಿನಿಧಿಯೇ ಆದ್ದರಿಂದ ರಿಫಂಡ್ ಕೊಡಿಸುವ ಹೊಣೆ ಸಂಸ್ಥೆಯದ್ದು. ಹಾಗೆಂದು ನಾವು ಕೈ ತೊಳೆದುಕೊಳ್ಳುವಂತಿಲ್ಲ. ನಮ್ಮ ಸರ್ವಿಸ್ ಚಾರ್ಜ್ ಎಷ್ಟು, ಅದು ವಾಪಸ್ ಬರುತ್ತದೋ ಇಲ್ಲವೋ ಎಂದು ಬುಕ್ ಮಾಡುವಾಗಲೇ ಬಿಲ್ ಮೇಲೆ ಬರೆಯಿರಿ. ದೊಡ್ಡ ಏಜೆಂಟರು ಮೊದಲೇ ಸಗಟಾಗಿ ಹಿಡಿದಿಟ್ಟು ಕೊಡುವ ಗ್ರೂಪ್ ಸೀಟು, ಸೀರೀಸ್ ಫೇರ್ ಮಾರುವಾಗ ಇನ್ನೂ ಹುಷಾರು. ಅವುಗಳ ಷರತ್ತು ಬಹಳ ಬಿಗಿ. ರೇಟು ಕಡಿಮೆ ಎಂದು ಮಾತ್ರ ಹೇಳಿ ಷರತ್ತು ಮುಚ್ಚಿಡುವುದು ಮೋಸ.

ವಿದೇಶಿ ಸಂಸ್ಥೆಗಳು ರಿಫಂಡ್ ವಿಷಯದಲ್ಲಿ ತಮ್ಮ ದೇಶದ ನಿಯಮ ಪಾಲಿಸುತ್ತವೆ. ಬಳ್ಳಾರಿ, ರಾಯಚೂರಿನ ಎಷ್ಟೋ ಮನೆಯ ಮಕ್ಕಳು ಅಮೆರಿಕದಲ್ಲಿದ್ದಾರೆ. ಅಲ್ಲಿಗೆ ಹೋಗಿ ಬರುವ ವಿಮಾನಗಳಿಗೆ ಅಮೆರಿಕದ ಸಾರಿಗೆ ಇಲಾಖೆಯ ನಿಯಮವೂ ಅನ್ವಯಿಸುತ್ತದೆ. ಪ್ರಯಾಣಕ್ಕೆ 7 ದಿನ ಅಥವಾ ಹೆಚ್ಚು ಇರುವಾಗ ಸಂಸ್ಥೆಯಲ್ಲೇ ನೇರವಾಗಿ ಬುಕ್ ಮಾಡಿದ್ದರೆ ಅಲ್ಲಿಯೂ 24 ಗಂಟೆಯ ಸೌಲಭ್ಯ ಇದೆ. 2024ರಲ್ಲಿ ಬಂದ ನಿಯಮದಲ್ಲಿ ಅಂತರರಾಷ್ಟ್ರೀಯ ವಿಮಾನದ ಸಮಯ 6 ಗಂಟೆ ಅಥವಾ ಹೆಚ್ಚು ಬದಲಾಗಿ, ಪ್ರಯಾಣಿಕರು ಅದನ್ನು ಒಪ್ಪದಿದ್ದರೆ, ನಾನ್ ರಿಫಂಡಬಲ್ ಟಿಕೆಟ್‌ಗೂ ಹಣ ವಾಪಸ್ ಎಂದಿದೆ.

ಕೊಡಬೇಕಾದ್ದನ್ನು ಕೊಡದಿದ್ದರೆ? ಮೊದಲು ಸಂಸ್ಥೆಗೆ ಲಿಖಿತ ದೂರು, ಅದರ ನಂಬರು ಇಟ್ಟುಕೊಳ್ಳಿ. ಆಮೇಲೆ ನಾಗರಿಕ ವಿಮಾನಯಾನ ಸಚಿವಾಲಯದ ಏರ್‌ಸೇವಾ ಆ್ಯಪ್ ಅಥವಾ ವೆಬ್‌ಸೈಟ್. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಕರೆ ಮಾಡಬಹುದು. ಅಲ್ಲಿಯೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ವಿಮಾನ ಸಂಸ್ಥೆಯ ಆಫೀಸು ದೆಹಲಿಯಲ್ಲೋ ಮುಂಬೈಯಲ್ಲೋ ಇದೆ ಎಂದು ಜನ ಹಿಂದೇಟು ಹಾಕುತ್ತಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆ ಚಿಂತೆ ಬೇಕಿಲ್ಲ. ದೂರುದಾರರು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಗಂಗಾವತಿಯವರು ಕೊಪ್ಪಳದಲ್ಲಿ, ಸಿಂಧನೂರಿನವರು ರಾಯಚೂರಿನಲ್ಲಿ. 5 ಲಕ್ಷದವರೆಗಿನ ವ್ಯವಹಾರಕ್ಕೆ ದೂರಿನ ಶುಲ್ಕ ಇಲ್ಲ, ವಕೀಲರು ಇರಲೇಬೇಕೆಂದೂ ಇಲ್ಲ. ಎರಡು ವರ್ಷದೊಳಗೆ ಕೊಡಬೇಕು. ಟಿಕೆಟ್, ದರ ವಿಭಜನೆಯ ಪುಟ, ಕ್ಯಾನ್ಸಲ್ ಮಾಡಿದ ದಿನ ಮತ್ತು ಸಮಯ ಕಾಣುವ ಸ್ಕ್ರೀನ್‌ಶಾಟ್, ಸಂಸ್ಥೆಯ ಉತ್ತರ, ಬ್ಯಾಂಕ್ ಸ್ಟೇಟ್‌ಮೆಂಟ್, ಇಷ್ಟನ್ನೂ ದೂರಿನ ಜೊತೆ ಲಗತ್ತಿಸಿ.