ಡಾಕ್ಟರೇಟ್‌ನಿಂದ ಕ್ವಾಂಟ್ ಕೆಲಸಕ್ಕೆ: ನಿಮ್ಮ ಫಲಿತಾಂಶವನ್ನು ನೀವೇ ಮೊದಲು ಶಂಕಿಸಿ

ಕಂಪ್ಯೂಟರ್ ಸೈನ್ಸ್‌ನಲ್ಲಿ ಪಿಎಚ್‌.ಡಿ. ಮುಗಿಸಿ ಕ್ವಾಂಟ್ ಕೆಲಸಕ್ಕೆ, ಅಂದರೆ ಗಣಿತ ಮತ್ತು ಡೇಟಾ ಬಳಸಿ ಮಾರುಕಟ್ಟೆಯಲ್ಲಿ ವಹಿವಾಟು ನಡೆಸುವ ಕೆಲಸಕ್ಕೆ, ಹೊರಟವರು ಹಣಕಾಸಿನ ದಪ್ಪ ಪುಸ್ತಕಗಳನ್ನು ಹರಡಿಕೊಂಡು ಕೂರುತ್ತಾರೆ. ಅಷ್ಟು ಆತುರ ಬೇಡ. ಪೀಟರ್ ಬ್ರೌನ್ ಮತ್ತು ರಾಬರ್ಟ್ ಮರ್ಸರ್ 1993ರಲ್ಲಿ ರಿನೈಸಾನ್ಸ್ ಟೆಕ್ನಾಲಜೀಸ್ ಎಂಬ ಹೆಸರಾಂತ ಕ್ವಾಂಟ್ ಹೂಡಿಕೆ ಸಂಸ್ಥೆ ಸೇರಿದಾಗ ಅವರು ಐಬಿಎಂನಲ್ಲಿ ಮಾಡುತ್ತಿದ್ದದ್ದು ಮಾತು ಗುರುತಿಸುವ ಮಾಡೆಲ್‌ಗಳ ಸಂಶೋಧನೆ. ಮಾರುಕಟ್ಟೆಯ ಪರಿಭಾಷೆಯನ್ನು ಕೆಲಸ ಮಾಡುತ್ತಲೇ ಕಲಿಯಬಹುದು. ಕಷ್ಟವಿರುವುದು ಡೇಟಾ ನೋಡುವ ಕಣ್ಣನ್ನು ಬದಲಿಸಿಕೊಳ್ಳುವುದರಲ್ಲಿ.

ಚಿತ್ರ ಗುರುತಿಸುವ ಮಾಡೆಲ್‌ಗೆ ಶೇ. 95 ನಿಖರತೆ ಸಹಜ. ಮಾರುಕಟ್ಟೆಯಲ್ಲಿ ನಾಳಿನ ಬೆಲೆಯ ದಿಕ್ಕನ್ನು ಶೇ. 52ರಷ್ಟು ಸರಿ ಹೇಳಿದರೂ ಅದು ದೊಡ್ಡ ಮಾತು. ಒಂದು ವಹಿವಾಟಿನ ತಂತ್ರದ ವಾರ್ಷಿಕ ಶಾರ್ಪ್ ಅನುಪಾತ 1 ಎಂದುಕೊಳ್ಳಿ, ಅಂದರೆ ಹೆಚ್ಚುವರಿ ಲಾಭದ ಸರಾಸರಿ ಅದರ ಏರಿಳಿತದಷ್ಟೇ ಇದೆ. ವರ್ಷಕ್ಕೆ ಸುಮಾರು 252 ವಹಿವಾಟಿನ ದಿನಗಳು. ದಿನದ ಲೆಕ್ಕಕ್ಕೆ ಇಳಿಸಲು 252ರ ವರ್ಗಮೂಲದಿಂದ ಭಾಗಿಸಿದರೆ ಉಳಿಯುವುದು ಬರೀ 0.063. ಈ ತಂತ್ರದ ಟಿ-ಮೌಲ್ಯ (ಫಲಿತಾಂಶ ಬರೀ ಅದೃಷ್ಟವೋ ಅಲ್ಲವೋ ಎಂದು ತೂಗುವ ಅಳತೆ) 2 ಮುಟ್ಟಲು 4 ವರ್ಷದ ಡೇಟಾ ಬೇಕು. ಈಗ ಸತ್ವವೇ ಇಲ್ಲದ, ಒಂದಕ್ಕೊಂದು ಸಂಬಂಧವಿಲ್ಲದ 100 ಐಡಿಯಾಗಳನ್ನು ಅದೇ 4 ವರ್ಷದ ಮೇಲೆ ಓಡಿಸಿ. ಅವುಗಳಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಕಾಣುವುದರ ಟಿ-ಮೌಲ್ಯ ಸುಮಾರು 2.5, ಶಾರ್ಪ್ 1.25 ಬಂದೇ ಬರುತ್ತದೆ ಎನ್ನಬಹುದು. ನಿಜವಾದ ತಂತ್ರಕ್ಕಿಂತ ಪೊಳ್ಳೇ ಹೆಚ್ಚು ಹೊಳೆಯಿತು! ಹಾಗಾಗಿ ಎಷ್ಟು ಪ್ರಯೋಗ ಮಾಡಿದಿರಿ ಎಂಬ ಲೆಕ್ಕವನ್ನು, ಸೋತವನ್ನೂ ಸೇರಿಸಿ, ಮೊದಲ ದಿನದಿಂದಲೇ ಬರೆದಿಡಿ.

ಬ್ಯಾಕ್‌ಟೆಸ್ಟ್ (ತಂತ್ರವನ್ನು ಹಳೆಯ ಡೇಟಾದ ಮೇಲೆ ಓಡಿಸಿ ನೋಡುವ ಪರೀಕ್ಷೆ) ಕೆಡುವ ಜಾಗಗಳೂ ಗೊತ್ತಿರುವಂಥವೇ. ಇಂದಿನ ಮುಕ್ತಾಯ ಬೆಲೆ ನೋಡಿ ತೀರ್ಮಾನಿಸಿ, ಅದೇ ಬೆಲೆಗೆ ಕೊಂಡಂತೆ ಕೋಡ್ ಬರೆಯುವುದು. ದಿವಾಳಿಯಾದ ಕಂಪನಿಗಳನ್ನು ಕೈಬಿಟ್ಟ ಪಟ್ಟಿ ಬಳಸುವುದು. ಕಾಲಕ್ರಮದ ಡೇಟಾವನ್ನು ಕಲಸಿ ತರಬೇತಿ, ಪರೀಕ್ಷೆ ಎಂದು ಪಾಲು ಮಾಡುವುದು. ಮೆಷಿನ್ ಲರ್ನಿಂಗ್‌ನಿಂದ ಬಂದವರು ಎಡವುವುದು ಹೆಚ್ಚಾಗಿ ಇಲ್ಲೇ, ಏಕೆಂದರೆ ನಾಳೆಯ ಸುಳಿವು ನಿನ್ನೆಯೊಳಗೆ ಸೋರುತ್ತದೆ. ಇವೆಲ್ಲ ಸರಿಯಿದ್ದೂ, ಪ್ರತಿ ವಹಿವಾಟಿಗೆ 2 ಬೇಸಿಸ್ ಪಾಯಿಂಟ್ (ಒಂದು ಪಾಯಿಂಟ್ ಎಂದರೆ ಶೇ. 0.01) ಲಾಭ, 3 ಬೇಸಿಸ್ ಪಾಯಿಂಟ್ ಖರ್ಚು ಎಂದಾದರೆ ಆ ತಂತ್ರ ಮುಗಿದಂತೆ.

ಹುದ್ದೆಯ ಆಯ್ಕೆ ನಿಮ್ಮ ಪ್ರಬಂಧವನ್ನು ನೋಡಿ ಆಗಲಿ. ಸಿಸ್ಟಮ್ಸ್, ಕಂಪೈಲರ್, ನೆಟ್‌ವರ್ಕ್ ಮಾಡಿದವರಿಗೆ ಕ್ವಾಂಟ್ ಡೆವಲಪರ್ ಕೆಲಸ ಒಗ್ಗುತ್ತದೆ, ಅದಕ್ಕೆ ಸಿ++ ಗಟ್ಟಿಯಿರಬೇಕು. ಮೆಷಿನ್ ಲರ್ನಿಂಗ್, ಆಪ್ಟಿಮೈಸೇಷನ್ ಮಾಡಿದವರು ರಿಸರ್ಚರ್ ಹುದ್ದೆಗೆ ಹೋಗಲಿ.

ಸಂದರ್ಶನದಲ್ಲಿ ಸಂಭವನೀಯತೆಯ ಪ್ರಶ್ನೆಗಳು ತಪ್ಪಿದ್ದಲ್ಲ. ನಾಣ್ಯ ಚಿಮ್ಮುತ್ತಾ ಹೋದರೆ ‘ಹೆಡ್-ಟೇಲ್’ ಸಾಲಾಗಿ ಬರಲು ಸರಾಸರಿ 4 ಸಲ ಬೇಕು, ‘ಹೆಡ್-ಹೆಡ್’ ಬರಲು 6. ಮೊದಲನೆಯದರಲ್ಲಿ ಒಮ್ಮೆ ಹೆಡ್ ಬಿದ್ದ ಮೇಲೆ ಮತ್ತೆ ಹೆಡ್ ಬಿದ್ದರೂ ನಿಂತ ಜಾಗ ಕಳೆದುಕೊಳ್ಳುವುದಿಲ್ಲ. ಎರಡನೆಯದರಲ್ಲಿ ಟೇಲ್ ಬಿದ್ದರೆ ಮೊದಲಿನಿಂದ ಶುರು. ಉತ್ತರವನ್ನು ಬಾಯಿಪಾಠ ಒಪ್ಪಿಸಿದರೆ ಮುಂದಿನ ಪ್ರಶ್ನೆಯಲ್ಲಿ ಸಿಕ್ಕಿಬೀಳುತ್ತೀರಿ. ಕಾರಣವನ್ನು ಬಾಯಿಬಿಟ್ಟು ವಿವರಿಸಿ. ತಯಾರಿಗೆ 3 ತಿಂಗಳು, ದಿನಕ್ಕೆ 2 ಗಂಟೆ ಇಟ್ಟುಕೊಳ್ಳಿ.

ಸಹಿ ಹಾಕುವ ಮುನ್ನ ಒಪ್ಪಂದವನ್ನು ಸಾಲುಸಾಲಾಗಿ ಓದಿ. ಕೆಲಸ ಬಿಟ್ಟ ಮೇಲೆ ಪ್ರತಿಸ್ಪರ್ಧಿ ಸಂಸ್ಥೆ ಸೇರದಂತೆ ಎಷ್ಟು ತಿಂಗಳು ತಡೆ, ಆಗ ಸಂಬಳ ಬರುತ್ತದೆಯೇ, ಪ್ರಬಂಧದಿಂದ ಇನ್ನೂ ಹೊರಬರಬೇಕಾದ ಪೇಪರ್ ಪ್ರಕಟಿಸಬಹುದೇ ಎಂದು ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ.