ಸೂಪರ್‌ಪ್ಲಾಸ್ಟಿಕ್ ಎಳೆತದಲ್ಲಿ ಕ್ಯಾವಿಟಿ: ಸ್ಟ್ರೇನ್ ಹಾಕುವಾಗ ಲೆಕ್ಕ ತಪ್ಪುವ ಜಾಗ

ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಮೆಟಲರ್ಜಿಗೆ ಬಂದವರಿಗೆ ಈ ಟಿಪ್ಪಣಿ. ಸ್ಟ್ರೆಸ್, ಸ್ಟ್ರೇನ್, ಗ್ರೇನ್ ಬೌಂಡರಿ ಗೊತ್ತಿದೆ ಎಂದುಕೊಂಡೇ ಬರೆದದ್ದು.

ಸೂಪರ್‌ಪ್ಲಾಸ್ಟಿಕ್ ಎಂದರೆ ಬಿಸಿಯಲ್ಲಿ ಎಳೆದಾಗ ತುಂಡಾಗದೆ ಹಲವು ಪಟ್ಟು ಉದ್ದವಾಗುವ ಗುಣ. ಅದಕ್ಕೆ ಗ್ರೇನ್ ಸಣ್ಣದಿರಬೇಕು: ಅಲಾಯ್‌ನಲ್ಲಿ ಸುಮಾರು 10 ಮೈಕ್ರಾನ್, ಸೆರಾಮಿಕ್‌ನಲ್ಲಿ 1 ಮೈಕ್ರಾನ್‌ಗೂ ಕಡಿಮೆ. ಉಷ್ಣತೆ ಕೆಲ್ವಿನ್ ಲೆಕ್ಕದಲ್ಲಿ ಕರಗುವ ಬಿಂದುವಿನ ಅರ್ಧ ದಾಟಿರಬೇಕು. ಆಗ ಗ್ರೇನ್‌ಗಳು ಒಂದರ ಪಕ್ಕ ಒಂದು ಜಾರುತ್ತವೆ. ಸ್ಟ್ರೇನ್ ರೇಟ್ ಸೆನ್ಸಿಟಿವಿಟಿ ‘ಎಂ’ (ಎಳೆಯುವ ವೇಗ ಏರಿದಂತೆ ಸ್ಟ್ರೆಸ್ ಎಷ್ಟು ಏರುತ್ತದೆ ಎಂಬ ಅಳತೆ) 0.5ರ ಆಸುಪಾಸು ಇರುವುದರಿಂದ ತುಂಡು ಒಂದೇ ಕಡೆ ಸಪೂರವಾಗುವುದಿಲ್ಲ. ಆದರೂ ಕೊನೆಗೆ ಅದು ತುಂಡಾಗುತ್ತದೆ, ಕಾರಣ ಒಳಗೆ ಹುಟ್ಟುವ ಸಣ್ಣ ತೂತು, ಅಂದರೆ ಕ್ಯಾವಿಟಿ.

ಮೂರು ಗ್ರೇನ್ ಸೇರುವ ಮೂಲೆಯಲ್ಲಿ, ಇಲ್ಲವೇ ಗಟ್ಟಿ ಕಣದ ಬದಿಯಲ್ಲಿ ಜಾರುವಿಕೆಗೆ ತಡೆಯಾಗುತ್ತದೆ. ಡಿಫ್ಯೂಷನ್ (ಪರಮಾಣುಗಳ ಚಲನೆ) ಅದನ್ನು ಸರಿಮಾಡುವಷ್ಟು ಬೇಗ ನಡೆಯದಿದ್ದರೆ ಅಲ್ಲಿ ತೂತು ಬೀಳುತ್ತದೆ. ಹುಟ್ಟಿದ ತೂತು ಮುಚ್ಚಿಹೋಗದೆ ಉಳಿಯಲು ಬೇಕಾದ ರೇಡಿಯಸ್ = 2 × ಸರ್ಫೇಸ್ ಎನರ್ಜಿ ÷ ಸ್ಟ್ರೆಸ್. ಎನರ್ಜಿ ಚದರ ಮೀಟರಿಗೆ 1 ಜೂಲ್, ಸ್ಟ್ರೆಸ್ 4 ಮೆಗಾಪಾಸ್ಕಲ್ ಎಂದಾದರೆ 0.5 ಮೈಕ್ರಾನ್, 40 ಮೆಗಾಪಾಸ್ಕಲ್ ಎಂದಾದರೆ 0.05. ಜಿರ್ಕೋನಿಯಾದಂಥ ಸೆರಾಮಿಕ್‌ನಲ್ಲಿ ಸ್ಟ್ರೆಸ್ ಹೆಚ್ಚು, ಹಾಗಾಗಿ ಸಿಂಟರಿಂಗ್‌ನಲ್ಲಿ (ಪುಡಿಯನ್ನು ಬಿಸಿಮಾಡಿ ಗಟ್ಟಿ ತುಂಡಾಗಿಸುವಾಗ) ಉಳಿದ ಸಣ್ಣ ರಂಧ್ರವೂ ಬೆಳೆಯಲು ಸಾಕು. ಅಲ್ಯುಮಿನಿಯಂ ಶೀಟಿನಲ್ಲಿ ರೋಲಿಂಗ್ ವೇಳೆ ಕಣ ಒಡೆದು ಆದ ತೂತುಗಳೂ ಮೊದಲೇ ಇರುತ್ತವೆ.

ಬೆಳೆಯುವ ಬಗೆಗಳು ಮೂರು. ಸಣ್ಣ ಕ್ಯಾವಿಟಿ ಡಿಫ್ಯೂಷನ್‌ನಿಂದ ಬೆಳೆದು ದುಂಡಗಿರುತ್ತದೆ. ದೊಡ್ಡದು ಸುತ್ತಲಿನ ವಸ್ತು ಹಿಗ್ಗಿದಂತೆ ಹಿಗ್ಗಿ, ಎಳೆದ ದಿಕ್ಕಿಗೆ ಉದ್ದವಾಗುತ್ತದೆ. ಇವೆರಡರ ನಡುವೆ, ಕ್ಯಾವಿಟಿ ಗ್ರೇನ್‌ಗಿಂತ ದೊಡ್ಡದಾದಾಗ ಹಲವು ಬೌಂಡರಿಗಳಿಂದ ಒಟ್ಟಿಗೆ ವೇಕೆನ್ಸಿ (ಪರಮಾಣು ಇಲ್ಲದ ಖಾಲಿ ಜಾಗ) ಬಂದು ಸೇರುತ್ತದೆ. ಇದನ್ನು 1987ರಲ್ಲಿ ವಿವರಿಸಿದವರು ಅತುಲ್ ಚೋಕ್ಷಿ (ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು) ಮತ್ತು ಲ್ಯಾಂಗ್ಡನ್. ಇಲ್ಲಿ ಬೆಳವಣಿಗೆ ಗ್ರೇನ್ ಗಾತ್ರದ ವರ್ಗಕ್ಕೆ ವಿಲೋಮ, ಆದ್ದರಿಂದ ತೀರಾ ಸಣ್ಣ ಗ್ರೇನ್ ಇದ್ದಾಗಲೇ ಇದು ಲೆಕ್ಕಕ್ಕೆ ಬರುವುದು.

ಈಗ ಎಲ್ಲರೂ ಎಡವುವ ಹೆಜ್ಜೆ. ದೊಡ್ಡ ಕ್ಯಾವಿಟಿಗಳು ತುಂಡಿನ ಒಟ್ಟು ಗಾತ್ರದಲ್ಲಿ ಎಷ್ಟು ಪಾಲು ಎಂಬ ಲೆಕ್ಕ:

ಕ್ಯಾವಿಟಿ ಪಾಲು = ಮೊದಲಿನ ಪಾಲು × ಎಕ್ಸ್‌ಪೊನೆನ್ಷಿಯಲ್ (ಈಟಾ × ಸ್ಟ್ರೇನ್)

ಈಟಾ = 1.5 × (ಎಂ + 1)/ಎಂ × ಸೈನ್-ಹೈಪರ್ಬಾಲಿಕ್ [ 2(2 − ಎಂ)/(2 + ಎಂ) × (ಕೆ/3 − ಪಿ/ಸಿಗ್ಮಾ) ]

‘ಈಟಾ’ ಕ್ಯಾವಿಟಿ ಎಷ್ಟು ಬೇಗ ಬೆಳೆಯುತ್ತದೆ ಎಂದು ಹೇಳುವ ಸಂಖ್ಯೆ, ‘ಪಿ’ ಹೊರಗಿನ ಅನಿಲ ಒತ್ತಡ, ‘ಸಿಗ್ಮಾ’ ಫ್ಲೋ ಸ್ಟ್ರೆಸ್ (ವಸ್ತು ಹಿಗ್ಗುತ್ತಿರಲು ಬೇಕಾದ ಸ್ಟ್ರೆಸ್). ಒಂದೇ ದಿಕ್ಕಿನ ಎಳೆತದಲ್ಲಿ ಜಾರುವಿಕೆ ಇಲ್ಲದಿದ್ದರೆ ಕೆ = 1, ಪೂರ್ತಿ ಜಾರುವಿಕೆಯಾದರೆ 2. ಎಂ = 0.5, ಕೆ = 1.5, ಪಿ = 0 ಎಂದು ಹಾಕಿ: 4.5 × ಸೈನ್-ಹೈಪರ್ಬಾಲಿಕ್ 0.6, ಅಂದರೆ 2.86.

ತುಂಡು 400 ಶೇಕಡಾ ಉದ್ದವಾಯಿತು ಎನ್ನಿ. ಸ್ಟ್ರೇನ್ 4 ಎಂದು ಹಾಕಿದರೆ ಪಾಲು 90 ಸಾವಿರ ಪಟ್ಟಿಗೂ ಮೀರುತ್ತದೆ, 0.1 ಶೇಕಡಾದಿಂದ ಹೊರಟ ತೂತು ಇಡೀ ತುಂಡಿಗಿಂತ 90 ಪಟ್ಟು ದೊಡ್ಡದು! ಸೂತ್ರ ಕೇಳುವುದು ಟ್ರೂ ಸ್ಟ್ರೇನ್. ಉದ್ದ 5 ಪಟ್ಟು ಆಗಿದೆ, ಆದ್ದರಿಂದ 5ರ ನ್ಯಾಚುರಲ್ ಲಾಗ್: 1.61. (4ರ ಲಾಗ್ ಅಲ್ಲ, ಮೊದಲಿನ ಉದ್ದದ 1 ಸೇರಿಸುವುದೂ ಹಲವರಿಗೆ ಮರೆತುಹೋಗುತ್ತದೆ.) 2.86 × 1.61 = 4.6, ಬೆಳವಣಿಗೆ ಸುಮಾರು 100 ಪಟ್ಟು. 0.1 ಶೇಕಡಾ ಇದ್ದದ್ದು 10 ಶೇಕಡಾ. ಈ ಉತ್ತರ ನಂಬಬಹುದಾದದ್ದು.

ಎಂ 0.3ಕ್ಕೆ ಇಳಿದರೆ ಈಟಾ 5.2 ದಾಟುತ್ತದೆ. ಗ್ರೇನ್ ಬೆಳೆದಂತೆ ಎಂ ಇಳಿಯುತ್ತದೆ, ನಿಧಾನ ಎಳೆದರೆ ಗ್ರೇನ್ ಬೆಳೆಯಲು ಹೊತ್ತು ಸಿಗುತ್ತದೆ, ಹಾಗಾಗಿ ನಿಧಾನ ಎಳೆದಷ್ಟೂ ಒಳ್ಳೆಯದು ಎಂಬ ಮಾತು ಪೂರ್ತಿ ನಿಜವಲ್ಲ.

ಮದ್ದು ಬ್ಯಾಕ್ ಪ್ರೆಶರ್, ಅಂದರೆ ಹಿಂಬದಿಯಿಂದಲೂ ಕೊಡುವ ಅನಿಲ ಒತ್ತಡ, ಸೂತ್ರದ ‘ಪಿ’. ಪಿ/ಸಿಗ್ಮಾ 0.25 ಆದರೆ ಈಟಾ 1.37ಕ್ಕಿಳಿದು ಅದೇ 0.1 ಶೇಕಡಾ ಬರೇ 0.9ಕ್ಕೆ ನಿಲ್ಲುತ್ತದೆ, 0.5 ಆದರೆ ಬೆಳವಣಿಗೆ ಸೊನ್ನೆ. ಸುಮಾರು 516 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಳೆಯುವ 7475 ಅಲ್ಯುಮಿನಿಯಂಗೆ ಕೆಲವೇ ಮೆಗಾಪಾಸ್ಕಲ್ ಸಾಕು. ಇಲ್ಲಿ ಆಗುವ ತಪ್ಪು: ಹಿಂಬದಿಯ ಒತ್ತಡ ಮಾತ್ರ ಏರಿಸುವುದು. ಶೀಟನ್ನು ಉಬ್ಬಿಸುವುದು ಎರಡು ಬದಿಯ ವ್ಯತ್ಯಾಸ. ಅದು 0.7 ಮೆಗಾಪಾಸ್ಕಲ್ ಬೇಕು, ಹಿಂದೆ 2 ಇದೆ ಎಂದಾದರೆ ಮುಂದೆ 2.7 ಕೊಡಬೇಕು. ಇಲ್ಲದಿದ್ದರೆ ಕೆಲಸ ನಿಧಾನವಾಗಿ ಗ್ರೇನ್ ಬೆಳೆದು, ಲಾಭ ಅಲ್ಲಿಗಲ್ಲಿಗೆ. 40 ಮೆಗಾಪಾಸ್ಕಲ್ ಸ್ಟ್ರೆಸ್ಸಿನ ಸೆರಾಮಿಕ್‌ಗೆ ಇದೇ ಲೆಕ್ಕದಲ್ಲಿ 1400 ಡಿಗ್ರಿ ಮೀರಿದ ಕುಲುಮೆಯೊಳಗೆ 20 ಮೆಗಾಪಾಸ್ಕಲ್ ಅನಿಲ ಬೇಕು, ಸುಲಭದ ಮಾತಲ್ಲ. ಅಲ್ಲಿ ಗ್ರೇನ್ ಬೆಳೆಯದಂತೆ ಹಿಡಿದು ಸ್ಟ್ರೆಸ್ ಇಳಿಸುವುದೇ ದಾರಿ.

ತುಂಡಾಗುವುದು ಪಾಲಿನ ಸಂಖ್ಯೆಯಿಂದ ಮಾತ್ರ ತೀರ್ಮಾನವಾಗುವುದಿಲ್ಲ. ನಮ್ಮ ಮುರಕಲ್ಲಿನಲ್ಲಿ ತೂತು ಎಷ್ಟಿದ್ದರೂ ಬಿಡಿಬಿಡಿಯಾಗಿದ್ದರೆ ಕಲ್ಲು ಭಾರ ಹೊರುತ್ತದೆ, ಒಂದಕ್ಕೊಂದು ಸೇರಿದ ಕಡೆ ಮುರಿಯುತ್ತದೆ. ಕ್ಯಾವಿಟಿಗಳು ಎಳೆತದ ದಿಕ್ಕಿಗೆ ಅಡ್ಡವಾಗಿ ಕೂಡಿಕೊಂಡರೆ ಕಡಿಮೆ ಪಾಲಿನಲ್ಲೇ ಕತೆ ಮುಗಿಯಿತು. ಹೆಚ್ಚು ಸ್ಟ್ರೆಸ್ಸಿನ ಸೆರಾಮಿಕ್‌ನಲ್ಲಿ ಕಾಣುವುದು ಇದೇ.

ಅಳೆಯುವಾಗ ಡೆನ್ಸಿಟಿಯನ್ನು ಎಳೆಯದ ಗ್ರಿಪ್ ಭಾಗದ ಡೆನ್ಸಿಟಿಗೆ ಹೋಲಿಸಿ. ಅದೂ ಅಷ್ಟೇ ಹೊತ್ತು ಅಷ್ಟೇ ಬಿಸಿ ಕಂಡಿರುತ್ತದೆ. ಮೈಕ್ರೋಸ್ಕೋಪಿಗೆ ಹಾಕುವಾಗ ಎಚ್ ಮಾಡುವ (ರಾಸಾಯನಿಕದಿಂದ ಮೇಲ್ಮೈ ಕೊರೆಯುವ) ಮೊದಲೇ ಫೋಟೋ ತೆಗೆಯಿರಿ, ಎಚ್ಚಿಂಗ್ ತೂತನ್ನು ದೊಡ್ಡದು ಮಾಡುತ್ತದೆ. ಮೆತ್ತಗಿನ ಅಲ್ಯುಮಿನಿಯಂ ಪಾಲಿಶ್‌ನಲ್ಲಿ ತೂತಿನ ಮೇಲೆ ಹರಡಿ ಮುಚ್ಚುತ್ತದೆ. ಸೆರಾಮಿಕ್‌ನಲ್ಲಿ ಇದರ ತದ್ವಿರುದ್ಧ, ಕಿತ್ತುಬಂದ ಗ್ರೇನಿನ ಜಾಗ ಕ್ಯಾವಿಟಿಯಂತೆ ಕಾಣುತ್ತದೆ: ಅಂಚು ಚೂಪಾಗಿ, ಒಂದು ಗ್ರೇನಿನಷ್ಟೇ ಅಳತೆಯಲ್ಲಿದ್ದರೆ ಅದನ್ನು ಎಣಿಸಬೇಡಿ.