ಗೇಟಿನಿಂದ ಬಾಗಿಲವರೆಗಿನ ಎರಡು ಸೆಕೆಂಡು

2003ರ ಹೊಸ ವರ್ಷದ ದಿನ. ಅಮೆರಿಕದ ಟೆನೆಸಿ ರಾಜ್ಯದ ಹೆದ್ದಾರಿಯಲ್ಲಿ ಒಂದು ಕುಟುಂಬ ಪ್ರವಾಸ ಮುಗಿಸಿ ಮನೆಗೆ ಹೊರಟಿತ್ತು. ಗಂಡ, ಹೆಂಡತಿ, ಮಗ, ಜೊತೆಗೆ ಎರಡು ನಾಯಿ. ಪೆಟ್ರೋಲ್ ಹಾಕಿಸುವಾಗ ಪರ್ಸನ್ನು ಕಾರಿನ ಮೇಲಿಟ್ಟು ಮರೆತಿದ್ದರು. ಅದು ದಾರಿಯಲ್ಲಿ ಹಾರಿಬಿದ್ದು ನೋಟುಗಳು ಚೆಲ್ಲಾಪಿಲ್ಲಿಯಾದವು. ನೋಡಿದವರು ಯಾರೋ ಪೊಲೀಸರಿಗೆ ತಿಳಿಸಿದರು. ಸುದ್ದಿ ಒಬ್ಬರಿಂದ ಒಬ್ಬರಿಗೆ ಹೋಗುವಷ್ಟರಲ್ಲಿ ಅದು ದರೋಡೆ ಆಗಿಬಿಟ್ಟಿತು. ಕುಕ್‌ವಿಲ್ ಎಂಬ ಊರಿನ ಹತ್ತಿರ ಪೊಲೀಸರು ಕಾರನ್ನು ತಡೆದರು. ಎಲ್ಲರನ್ನೂ ಇಳಿಸಿ, ಮಂಡಿಯೂರಿಸಿ, ಕೈಗೆ ಕೋಳ ತೊಡಿಸಿದರು. ಒಳಗೆ ನಾಯಿಗಳಿವೆ, ದಯವಿಟ್ಟು ಕಾರಿನ ಬಾಗಿಲು ಮುಚ್ಚಿ ಎಂದು ಮನೆಯವರು ಮತ್ತೆ ಮತ್ತೆ ಬೇಡಿಕೊಂಡರು. ಯಾರೂ ಮುಚ್ಚಲಿಲ್ಲ. ಒಂದು ನಾಯಿ ಕೆಳಗೆ ಜಿಗಿದು ಒಬ್ಬ ಪೊಲೀಸನ ಕಡೆ ಹೋಯಿತು. ಅವನು ಶಾಟ್‌ಗನ್‌ನಿಂದ ಹೊಡೆದ.

ಪೊಲೀಸ್ ಕಾರಿನ ಕ್ಯಾಮೆರಾದಲ್ಲಿ ಇದೆಲ್ಲ ದಾಖಲಾಗಿದೆ. ಆ ವಿಡಿಯೊವನ್ನು ನಾನು ಒಂದು ಸಲ ನೋಡಿದ್ದೇನೆ. ಎರಡನೇ ಸಲ ನೋಡಲು ಮನಸ್ಸು ಬರಲಿಲ್ಲ. ನಾಯಿ ಜಿಗಿದದ್ದಕ್ಕೂ ಗುಂಡಿನ ಸದ್ದಿಗೂ ನಡುವೆ ಎಷ್ಟು ಕಡಿಮೆ ಹೊತ್ತಿತ್ತು ಎಂಬುದು ಮಾತ್ರ ತಲೆಯಲ್ಲಿ ಉಳಿದುಬಿಟ್ಟಿದೆ.

ಆ ಹೊತ್ತಿನ ಲೆಕ್ಕ ಹಾಕಿ ನೋಡೋಣ. ಸಾಧಾರಣ ಗಾತ್ರದ, ಆರೋಗ್ಯವಾಗಿರುವ ನಾಯಿ ಗಂಟೆಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು. ಅಂದರೆ ಸೆಕೆಂಡಿಗೆ 8 ಮೀಟರಿಗಿಂತ ಸ್ವಲ್ಪ ಜಾಸ್ತಿ. ಗೇಟಿನಿಂದ ಮನೆ ಬಾಗಿಲಿಗೆ 15 ಮೀಟರ್ ಇದ್ದರೆ ಹೆಚ್ಚೆಂದರೆ ಎರಡು ಸೆಕೆಂಡು. ಈಗ ಮನುಷ್ಯನ ಕಡೆ ನೋಡಿ. ದೀಪ ಹೊತ್ತಿದ ಕೂಡಲೇ ಗುಂಡಿ ಒತ್ತು ಎಂದರೆ, ಅಷ್ಟು ಸುಲಭದ ಕೆಲಸಕ್ಕೇ ನಮಗೆ ಸೆಕೆಂಡಿನ ಕಾಲು ಭಾಗ ಬೇಕು. ಎದುರಿಗೆ ಬರುತ್ತಿರುವುದು ಏನು, ಏನು ಮಾಡಬೇಕು ಎಂದು ಯೋಚಿಸಬೇಕಾದರೆ ಇನ್ನೂ ಹೊತ್ತು ಹಿಡಿಯುತ್ತದೆ. 1983ರಲ್ಲಿ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ಅಧಿಕಾರಿ ಡೆನಿಸ್ ಟುಲರ್ ಒಂದು ಲೆಕ್ಕ ಕೊಟ್ಟರು. ಚಾಕು ಹಿಡಿದ ಮನುಷ್ಯ 21 ಅಡಿ ದೂರವನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ದಾಟುತ್ತಾನೆ. ಸೊಂಟದ ಚೀಲದಿಂದ ಪಿಸ್ತೂಲು ತೆಗೆದು ಗುಂಡು ಹಾರಿಸಲೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು. ಆ 21 ಅಡಿಯ ಮಾತು ಅಮೆರಿಕದ ಪೊಲೀಸ್ ತರಬೇತಿಯಲ್ಲಿ ಆಳವಾಗಿ ಬೇರೂರಿದೆ. ವೇಗ ಹಿಡಿದ ನಾಯಿಗೆ ಅದೇ ದೂರ ಒಂದು ಸೆಕೆಂಡೂ ಅಲ್ಲ.

ಇದಕ್ಕೆ ಭಯವೂ ಸೇರಿಕೊಳ್ಳುತ್ತದೆ. 2012ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಪರದೆಯ ಮೇಲೆ ದೊಡ್ಡದಾಗುತ್ತಾ ಬರುವ ಚಿತ್ರಗಳನ್ನು ತೋರಿಸಿ, ಇದು ನಿಮ್ಮನ್ನು ಯಾವಾಗ ಮುಟ್ಟುತ್ತದೆ ಎಂದು ಕೇಳಿದರು. ಚಿಟ್ಟೆ, ಮೊಲಕ್ಕಿಂತ ಹಾವು, ಜೇಡ ಬೇಗ ಬಂದು ಮುಟ್ಟುತ್ತವೆ ಎಂದು ಜನರಿಗೆ ಅನಿಸಿತು. ವೇಗ ಒಂದೇ ಇತ್ತು. ಹೆಚ್ಚು ಭಯಪಡುವವರಿಗೆ ಇನ್ನೂ ಬೇಗ ಅನಿಸಿತು. ನಾಯಿಗೆ ಹೆದರುವ ಪೊಲೀಸನ ಮಿದುಳಿನಲ್ಲೂ ಇದೇ ನಡೆದರೆ ಆಶ್ಚರ್ಯವಿಲ್ಲ. ಇರುವ ಒಂದು ಸೆಕೆಂಡು ಅವನ ಪಾಲಿಗೆ ಅರ್ಧ ಸೆಕೆಂಡಾಗುತ್ತದೆ.

ಹಾಗಾದರೆ ನಾಯಿ ನಿಜವಾಗಿ ಏನು ಮಾಡುತ್ತಿರುತ್ತದೆ?

ನಮ್ಮ ಅಜ್ಜಿಯ ಮನೆ ಮಲೆನಾಡಿನ ಕಡೆ. ಅಲ್ಲಿ ಕರಿಯ ಎಂಬ ನಾಯಿ ಇತ್ತು. ಹೊಸಬರು ಯಾರೇ ಬರಲಿ, ಅಂಗಳದ ತುದಿಯಿಂದ ದಣಪೆಯವರೆಗೆ ಬಾಣದ ಹಾಗೆ ಓಡುತ್ತಿತ್ತು. ನಾಲ್ಕು ಮಾರು ದೂರದಲ್ಲಿ ಗಕ್ಕನೆ ನಿಂತು ಬೊಗಳುತ್ತಿತ್ತು. ಪೋಸ್ಟ್‌ಮ್ಯಾನ್‌ಗೆ ಇದು ಗೊತ್ತಿತ್ತು. ಅವರು ದಣಪೆ ದಾಟುತ್ತಲೇ ಇರಲಿಲ್ಲ. ಆಚೆಯೇ ನಿಂತು ಸೈಕಲ್ ಬೆಲ್ ಬಾರಿಸಿ, "ಅಮ್ಮಾ, ನಾಯಿ ಹಿಡ್ಕೊಳ್ಳಿ" ಎಂದು ಕೂಗುತ್ತಿದ್ದರು. ಅಜ್ಜಿ ಬಂದು ಕರಿಯನ ಕುತ್ತಿಗೆಯ ಹಗ್ಗ ಹಿಡಿದ ಮೇಲೆ ಕಾಗದ ಕೈಗೆ ಬರುತ್ತಿತ್ತು. ಆಗ ನನಗೆ ಅದರಲ್ಲಿ ವಿಶೇಷ ಏನೂ ಕಂಡಿರಲಿಲ್ಲ. ಈಗ ಈ ವಿಷಯ ಓದುವಾಗಲೆಲ್ಲ ಆ ಬೆಲ್ ನೆನಪಾಗುತ್ತದೆ.

ಕರಿಯ ಮಾಡುತ್ತಿದ್ದದ್ದು ನಾಯಿಗಳ ಮಾಮೂಲಿ ನಡವಳಿಕೆ. ತನ್ನ ಜಾಗಕ್ಕೆ ಅಪರಿಚಿತರು ಬಂದರೆ ಓಡಿಬಂದು ಸದ್ದು ಮಾಡುವುದು, ದೂರ ಸರಿಯುವಂತೆ ಮಾಡುವುದು. ಇದೇ ಗುಣಕ್ಕಾಗಿ ಮನುಷ್ಯ ಸಾವಿರಾರು ವರ್ಷ ನಾಯಿ ಸಾಕಿದ್ದಾನೆ. ಹೀಗೆ ಓಡಿಬರುವ ನಾಯಿಗಳಲ್ಲಿ ಬಹಳಷ್ಟು, ಎದುರಿನವರು ಅಲುಗಾಡದೆ ನಿಂತರೆ ತಾವೂ ನಿಲ್ಲುತ್ತವೆ. ಎಲ್ಲವೂ ನಿಲ್ಲುವುದಿಲ್ಲ, ಅದೇ ತೊಂದರೆ. "ಬೊಗಳುವ ನಾಯಿ ಕಚ್ಚುವುದಿಲ್ಲ" ಎಂಬ ಗಾದೆ ನಂಬಿ ಮುಂದೆ ಹೋಗಿ ಕಚ್ಚಿಸಿಕೊಂಡವರು ನಮ್ಮೂರಲ್ಲೇ ಇದ್ದರು. ಬೊಗಳು ಎಂದರೆ ಒಂದೇ ಬಗೆಯಲ್ಲ. ಹಂಗೆರಿಯ ಬುಡಾಪೆಸ್ಟ್‌ನ ಸಂಶೋಧಕರು ನಾಯಿಗಳ ಬೊಗಳು ರೆಕಾರ್ಡ್ ಮಾಡಿ ಜನರಿಗೆ ಕೇಳಿಸಿದರು. ಯಾವುದು ಆಟದ್ದು, ಯಾವುದು ಅಪರಿಚಿತರನ್ನು ಕಂಡದ್ದು, ಯಾವುದು ಒಂಟಿಯಾಗಿ ಕಟ್ಟಿಹಾಕಿದ್ದು ಎಂದು ಜನ ಸಾಕಷ್ಟು ಸರಿಯಾಗಿ ಗುರುತಿಸಿದರು. ಮನೆಯಲ್ಲಿ ನಾಯಿ ಸಾಕದವರೂ ಗುರುತಿಸಿದರು. ದಪ್ಪ ದನಿಯಲ್ಲಿ ಬಿಡುವಿಲ್ಲದೆ ಬೊಗಳಿದರೆ ಸಿಟ್ಟು. ಸಣ್ಣ ದನಿಯಲ್ಲಿ ಬಿಟ್ಟು ಬಿಟ್ಟು ಬೊಗಳಿದರೆ ಬೇರೆ ಏನೋ. ಕೇಳಿಸಿಕೊಳ್ಳುವ ಕಿವಿ ನಮಗೆ ಇದೆ. ಕೇಳಿಸಿಕೊಳ್ಳುವಷ್ಟು ಹೊತ್ತು ಸಿಗಬೇಕು ಅಷ್ಟೆ.

ಬಾಲದ ವಿಷಯದಲ್ಲೂ ಎಚ್ಚರ ಬೇಕು. ಬಾಲ ಅಲ್ಲಾಡಿಸಿದರೆ ಸ್ನೇಹ ಎಂದು ನಾವು ಅಂದುಕೊಳ್ಳುತ್ತೇವೆ. 2007ರಲ್ಲಿ ಇಟಲಿಯ ವಿಜ್ಞಾನಿಗಳು 30 ನಾಯಿಗಳನ್ನು ಗಮನಿಸಿದರು. ಯಜಮಾನನನ್ನು ಕಂಡಾಗ ಬಾಲ ಹೆಚ್ಚಾಗಿ ಬಲಕ್ಕೆ ಬೀಸುತ್ತಿತ್ತು. ಜೋರಿನ ಅಪರಿಚಿತ ನಾಯಿಯನ್ನು ಕಂಡಾಗ ಎಡಕ್ಕೆ. ಎರಡೂ ಸಲ ಬಾಲ ಆಡುತ್ತಲೇ ಇತ್ತು.

ನಾಯಿಯ ಕಣ್ಣಿನಿಂದ ಪೊಲೀಸನನ್ನು ನೋಡಿದರೆ ಚಿತ್ರ ಇನ್ನೂ ಕಷ್ಟದ್ದು. ಭಾರದ ಬೂಟು. ಸೊಂಟದ ಸುತ್ತ ಸದ್ದು ಮಾಡುವ ಸಾಮಾನು. ನೇರ ನಡಿಗೆ, ನೇರ ನೋಟ, ಮುಂದೆ ಚಾಚಿದ ಕೈ. ನಾಯಿಯ ಭಾಷೆಯಲ್ಲಿ ಇವೆಲ್ಲ ಬೆದರಿಕೆಯ ಗುರುತುಗಳು. ಸಾಲದ್ದಕ್ಕೆ ವಾಸನೆ ಬೇರೆ. 2022ರಲ್ಲಿ ಬೆಲ್‌ಫಾಸ್ಟ್‌ನ ವಿಶ್ವವಿದ್ಯಾಲಯದಲ್ಲಿ ಜನರಿಗೆ ಕಷ್ಟದ ಲೆಕ್ಕ ಕೊಟ್ಟು, ಅದಕ್ಕೆ ಮೊದಲು ಮತ್ತು ನಂತರ ಅವರ ಉಸಿರು, ಬೆವರಿನ ಮಾದರಿ ತೆಗೆದರು. ಒತ್ತಡದ ಮಾದರಿ ಯಾವುದು ಎಂದು ತರಬೇತಿ ಪಡೆದ ನಾಯಿಗಳು 100ಕ್ಕೆ 90ಕ್ಕೂ ಹೆಚ್ಚು ಸಲ ಸರಿಯಾಗಿ ಕಂಡುಹಿಡಿದವು. ಅಂದರೆ ಪೊಲೀಸ್ ಹೆದರಿದರೆ ಅದು ನಾಯಿಯ ಮೂಗಿಗೂ ತಲುಪಬಹುದು. ಇಬ್ಬರೂ ಹೆದರಿದ್ದಾರೆ. ಒಬ್ಬನ ಕೈಯಲ್ಲಿ ಬಂದೂಕಿದೆ.

ಅಮೆರಿಕದಲ್ಲಿ ಹೀಗೆ ಸಾಯುವ ನಾಯಿಗಳ ಲೆಕ್ಕವನ್ನು ಇಡೀ ದೇಶಕ್ಕೆ ಅಂತ ಸರ್ಕಾರ ಇಡುತ್ತಿಲ್ಲ. ವರ್ಷಕ್ಕೆ 10,000 ಎಂಬ ಸಂಖ್ಯೆ ಬಹಳ ಕಡೆ ಕಾಣುತ್ತದೆ. ಅದು ಒಂದು ಅಂದಾಜು, ಎಣಿಕೆ ಅಲ್ಲ. ಆದರೆ ಅಲ್ಲಿನ ನ್ಯಾಯ ಇಲಾಖೆಯೇ 2011ರಲ್ಲಿ ಪೊಲೀಸರಿಗಾಗಿ ಹೊರತಂದ ಕೈಪಿಡಿಯಲ್ಲಿ ಒಂದು ಮಾತಿದೆ. ಹೆಚ್ಚಿನ ಪೊಲೀಸ್ ಇಲಾಖೆಗಳಲ್ಲಿ ಬೇಕೆಂದೇ ಗುಂಡು ಹಾರಿಸಿದ ಘಟನೆಗಳಲ್ಲಿ ಜಾಸ್ತಿ ಪಾಲು ಪ್ರಾಣಿಗಳ ಮೇಲೆ, ಅದರಲ್ಲೂ ನಾಯಿಗಳ ಮೇಲೆ. ಮನುಷ್ಯರ ಮೇಲಿನದ್ದಕ್ಕಿಂತ ಜಾಸ್ತಿ.

ನಾಯಿ ಕಚ್ಚುವುದು ಸಣ್ಣ ವಿಷಯ ಎಂದು ನಾನು ಹೇಳುತ್ತಿಲ್ಲ. ಆ ದೇಶದಲ್ಲಿ ವರ್ಷಕ್ಕೆ ಸುಮಾರು 45 ಲಕ್ಷ ಜನರನ್ನು ನಾಯಿ ಕಚ್ಚುತ್ತದೆ ಎಂಬ ಅಂದಾಜಿದೆ. 2011ರಿಂದ 2021ರವರೆಗೆ ವರ್ಷಕ್ಕೆ ಸರಾಸರಿ 43 ಜನ ಸತ್ತಿದ್ದಾರೆ. ಆದರೆ ಅಂಚೆಯವರನ್ನು ನೋಡಿ. ದಿನವೂ ಮನೆಮನೆಗೆ ಹೋಗುವವರು ಅವರು. 2023ರಲ್ಲಿ ಅಮೆರಿಕದ ಅಂಚೆ ನೌಕರರ ಮೇಲೆ 5,800ಕ್ಕೂ ಹೆಚ್ಚು ಸಲ ನಾಯಿಗಳು ಎರಗಿವೆ. ಅವರ ಹತ್ತಿರ ಬಂದೂಕಿಲ್ಲ. ಗೇಟು ಅಲ್ಲಾಡಿಸಿ ಸದ್ದು ಮಾಡು, ನಾಯಿಗೆ ಬೆನ್ನು ತೋರಿಸಬೇಡ, ಚೀಲವನ್ನು ಅಡ್ಡ ಹಿಡಿ, ಕೊನೆಗೆ ಸ್ಪ್ರೇ ಬಳಸು. ಇದು ಅವರಿಗೆ ಹೇಳಿಕೊಡುವ ಪಾಠ. ನಮ್ಮ ಪೋಸ್ಟ್‌ಮ್ಯಾನ್ ಯಾರೂ ಹೇಳಿಕೊಡದೆ ಮಾಡುತ್ತಿದ್ದದ್ದು ಬಹುತೇಕ ಇದೇ ಅಲ್ವಾ?

ಗುಂಡು ನಾಯಿಗೇ ತಾಗುತ್ತದೆ ಎಂಬ ಖಾತರಿಯೂ ಇಲ್ಲ. ಓಡುವ ನಾಯಿ ಸಣ್ಣ ಗುರಿ, ನೆಲಕ್ಕೆ ಹತ್ತಿರದ ಗುರಿ. 2014ರಲ್ಲಿ ಜಾರ್ಜಿಯಾದಲ್ಲಿ ನಾಯಿಗೆ ಹೊಡೆದ ಗುಂಡು ಅಲ್ಲೇ ನೆಲದ ಮೇಲೆ ಮಲಗಿದ್ದ 10 ವರ್ಷದ ಹುಡುಗನ ಕಾಲಿಗೆ ಹೊಕ್ಕಿತು. ಆ ಮಗು ಪೊಲೀಸರ ಮಾತಿನಂತೆ ಮಲಗಿತ್ತು. 2019ರ ಆಗಸ್ಟ್‌ನಲ್ಲಿ ಟೆಕ್ಸಾಸ್‌ನ ಆರ್ಲಿಂಗ್ಟನ್‌ನಲ್ಲಿ ಹುಲ್ಲಿನ ಮೇಲೆ ಮಲಗಿದ್ದ ಮಹಿಳೆಯೊಬ್ಬರು ಹೇಗಿದ್ದಾರೆ ಎಂದು ನೋಡಲು ಪೊಲೀಸ್ ಬಂದರು. ಅವರ ನಾಯಿ ಓಡಿಬಂತು. ನಾಯಿಗೆ ಹಾರಿಸಿದ ಗುಂಡಿಗೆ ಆ ಮಹಿಳೆ ಸತ್ತರು.

ನಾಯಿಯ ಜಾತಿಯ ಹೆಸರೂ ಈ ಸಾವುಗಳ ಹಿಂದೆ ಕೆಲಸ ಮಾಡುತ್ತದೆ. ಅಪಾಯದ ನಾಯಿ ಎಂದು ಹೆಸರಾದ ಪಿಟ್ ಬುಲ್ ಎಂದು ಕಂಡರೆ ಕೈ ಬೇಗ ಬಂದೂಕಿಗೆ ಹೋಗುತ್ತದೆ. ಫ್ಲಾರಿಡಾದಲ್ಲಿ ನಾಯಿ ಆಶ್ರಯಗಳ ಸಿಬ್ಬಂದಿಗೆ 120 ನಾಯಿಗಳನ್ನು ತೋರಿಸಿ ಜಾತಿ ಕೇಳಿದರು. 62 ನಾಯಿಗಳನ್ನು ಕನಿಷ್ಠ ಒಬ್ಬರಾದರೂ ಪಿಟ್ ಬುಲ್ ಬಗೆಯದ್ದು ಎಂದರು. ಡಿಎನ್ಎ ಪರೀಕ್ಷೆಯಲ್ಲಿ ಹಾಗೆ ಕಂಡದ್ದು 25 ಮಾತ್ರ. ದಿನವೂ ನಾಯಿಗಳ ನಡುವೆ ಇರುವವರ ಕಥೆ ಇದು. ಕತ್ತಲಲ್ಲಿ ಟಾರ್ಚ್ ಹಿಡಿದವನಿಗೆ ಏನು ಗೊತ್ತಾಗಬೇಕು? ಇನ್ನು 18,000ಕ್ಕೂ ಹೆಚ್ಚು ನಾಯಿಗಳ ಮಾಹಿತಿ ನೋಡಿದ 2022ರ ದೊಡ್ಡ ಅಧ್ಯಯನದ ಪ್ರಕಾರ, ನಾಯಿಗಳ ನಡುವಿನ ನಡವಳಿಕೆಯ ವ್ಯತ್ಯಾಸದಲ್ಲಿ ಜಾತಿಯಿಂದ ವಿವರಿಸಲು ಆಗುವುದು ಸುಮಾರು ಶೇ 9 ಮಾತ್ರ.

ಕಾನೂನು ನಿಧಾನವಾಗಿ ಅಲುಗಾಡಿದೆ. ಅಲ್ಲಿ ನಾಯಿ ಕಾನೂನಿನ ಕಣ್ಣಿಗೆ ಆಸ್ತಿ. ಹಾಗಾಗಿ ಸುಮ್ನೆ ನಾಯಿಯನ್ನು ಕೊಂದರೆ ಅದು ಸಂವಿಧಾನದ ನಾಲ್ಕನೇ ತಿದ್ದುಪಡಿಗೆ ವಿರುದ್ಧವಾಗಿ ಆಸ್ತಿ ಕಸಿದುಕೊಂಡ ಹಾಗೆ. 2005ರಲ್ಲಿ ಸ್ಯಾನ್ ಹೋಸೆಯ ಪ್ರಕರಣವೊಂದರಲ್ಲಿ ಮೇಲ್ಮನವಿ ನ್ಯಾಯಾಲಯ ಪೊಲೀಸರ ವಾದವನ್ನು ಒಪ್ಪಲಿಲ್ಲ. ತಾವು ಶೋಧಿಸಲು ಹೊರಟ ಮನೆಗಳಲ್ಲಿ ನಾಯಿಗಳಿವೆ ಎಂದು ಪೊಲೀಸರಿಗೆ ಒಂದು ವಾರ ಮೊದಲೇ ಗೊತ್ತಿತ್ತು, ಆದರೂ ಕೊಲ್ಲದೆ ಒಳಹೋಗುವ ಯೋಚನೆಯನ್ನೇ ಮಾಡಿರಲಿಲ್ಲ ಎಂಬುದು ಮುಖ್ಯವಾಯಿತು. ನನಗೆ ಈ ತೀರ್ಪು ಬಹಳ ಇಷ್ಟ. ಗುಂಡು ಹಾರಿಸಿದ ಆ ಕ್ಷಣವನ್ನು ಮಾತ್ರ ನೋಡದೆ, ಕೈಯಲ್ಲಿದ್ದ ಒಂದು ವಾರವನ್ನು ಏನು ಮಾಡಿದಿರಿ ಎಂದು ಅದು ಕೇಳಿತು. 2016ರಲ್ಲಿ ಮಿಷಿಗನ್‌ನ ಬ್ಯಾಟಲ್ ಕ್ರೀಕ್‌ನ ಪ್ರಕರಣದಲ್ಲಿ ಇನ್ನೊಂದು ಮೇಲ್ಮನವಿ ನ್ಯಾಯಾಲಯ ಪೊಲೀಸರ ಪರ ನಿಂತಿತು. ಕೊಲರಾಡೊ 2013ರಲ್ಲಿ, ಟೆಕ್ಸಾಸ್ 2015ರಲ್ಲಿ ಪೊಲೀಸರಿಗೆ ನಾಯಿಗಳ ನಡವಳಿಕೆಯ ತರಬೇತಿ ಕಡ್ಡಾಯ ಮಾಡಿದವು.

ಸಾಕಿದವರ ಜವಾಬ್ದಾರಿಯ ಮಾತಿಗೆ ಬರುವ ಮೊದಲು ಒಂದು ಮನೆಯನ್ನು ನೆನೆಯಬೇಕು. 2008ರ ಜುಲೈ 29. ಮೇರಿಲ್ಯಾಂಡ್‌ನ ಬರ್ವಿನ್ ಹೈಟ್ಸ್ ಎಂಬ ಪುಟ್ಟ ಊರು. ಅಲ್ಲಿನ ಮೇಯರ್ ಚೇ ಕಾಲ್ವೊ ಅವರ ಮನೆಗೆ ಗಾಂಜಾ ಇದ್ದ ಪೊಟ್ಟಣ ಬಂತು. ಕಳ್ಳಸಾಗಣೆಯವರು ಏನೂ ಅರಿಯದವರ ವಿಳಾಸ ಬಳಸಿದ್ದರು. ಪೊಲೀಸರ ಸಶಸ್ತ್ರ ಪಡೆ ಬಾಗಿಲು ಒಡೆದು ನುಗ್ಗಿ ಮನೆಯ ಎರಡು ಕಪ್ಪು ಲ್ಯಾಬ್ರಡಾರ್‌ಗಳನ್ನು ಕೊಂದಿತು. ಮೇಯರ್ ತಪ್ಪಿಲ್ಲ ಎಂದು ಆಮೇಲೆ ಗೊತ್ತಾಯಿತು. ಆ ಮನೆಯವರು ಏನು ಮಾಡಿದ್ದರೆ ನಾಯಿಗಳು ಉಳಿಯುತ್ತಿದ್ದವು? ಏನೂ ಇಲ್ಲ. ಕುಕ್‌ವಿಲ್ ಹತ್ತಿರ ಕೋಳ ತೊಡಿಸಿದ ಮೇಲೆ ಆ ಕುಟುಂಬ ಮಾಡಬಹುದಾಗಿದ್ದ ಒಂದೇ ಕೆಲಸ ಬೇಡಿಕೊಳ್ಳುವುದು. ಅದನ್ನು ಮಾಡಿದರು. ಹಾಗಾಗಿ ನಾಯಿ ಸತ್ತಾಗ "ಕಟ್ಟಿಹಾಕಬೇಕಿತ್ತು" ಎಂದು ಮೊದಲು ಯಜಮಾನನ ಕಡೆ ಬೆರಳು ತೋರಿಸುವುದು ನನಗೆ ನೋವಿನ ವಿಷಯ. ಬಂದೂಕು ಹಿಡಿದವನೇ ಮೊದಲು ದೂರವನ್ನು, ಸಮಯವನ್ನು ಮಾಡಿಕೊಳ್ಳಬೇಕು. ಗೇಟು ಅಲ್ಲಾಡಿಸಲಿಕ್ಕೆ ಎಷ್ಟು ಹೊತ್ತು ಬೇಕು?

ಆದರೂ ನಮ್ಮ ನಾಯಿ ನಮ್ಮದು. ಉಳಿದ ಎಷ್ಟೋ ಸಂದರ್ಭಗಳಲ್ಲಿ ಆ ಎರಡು ಸೆಕೆಂಡನ್ನು ಇಪ್ಪತ್ತು ಸೆಕೆಂಡು ಮಾಡುವುದು ನಮ್ಮ ಕೈಯಲ್ಲೇ ಇದೆ. ಅಮೆರಿಕದಲ್ಲಿ ಮನೆ ಮಾಡಿಕೊಂಡು ನಾಯಿ ಸಾಕಿರುವ ಕನ್ನಡದವರು ಇದನ್ನು ವಿಶೇಷವಾಗಿ ತಿಳಿದಿರಬೇಕು. ನಮ್ಮ ಊರುಗಳಲ್ಲಿ ಬೀಟಿಗೆ ಬರುವ ಪೇದೆಯ ಕೈಯಲ್ಲಿ ಹೆಚ್ಚೆಂದರೆ ಲಾಠಿ. ಅಲ್ಲಿ ಕಳ್ಳರ ಅಲಾರಂ ತಪ್ಪಾಗಿ ಹೊಡೆದುಕೊಂಡರೂ ಬರುವವರ ಸೊಂಟದಲ್ಲಿ ಪಿಸ್ತೂಲು ಇರುತ್ತದೆ. ಮನೆಯ ನಂಬರ್ ತಪ್ಪಿ ಬಂದವರು ಗುಂಡು ಹಾರಿಸಿದ್ದೂ ಇದೆ. 2012ರಲ್ಲಿ ಆಸ್ಟಿನ್‌ನಲ್ಲಿ ತನ್ನ ಅಂಗಳದಲ್ಲಿ ಯಜಮಾನನ ಜೊತೆ ಆಡುತ್ತಿದ್ದ ನಾಯಿ ಸತ್ತದ್ದು ಹಾಗೆ.

ಅಲ್ಲಿನ ತುರ್ತು ಸಹಾಯದ ನಂಬರ್ 911ಕ್ಕೆ ಫೋನ್ ಮಾಡಿದರೆ ವಿಳಾಸದ ಜೊತೆಗೇ ಮನೆಯಲ್ಲಿ ನಾಯಿ ಇದೆ, ಇಂಥ ಕೋಣೆಯಲ್ಲಿ ಕೂಡಿದ್ದೇನೆ ಎಂದು ಹೇಳಿ. ಅಲಾರಂ ಕಂಪನಿಗೂ ತಿಳಿಸಿಡಿ. ಗೇಟಿನ ಮೇಲೆ ನಾಯಿ ಇದೆ ಎಂಬ ಬೋರ್ಡು ಕತ್ತಲಲ್ಲೂ ಕಾಣುವಂತಿರಲಿ. ಬಾಗಿಲು ತಟ್ಟಿದರೆ ತೆಗೆಯುವ ಮೊದಲು ಒಳಗಿನಿಂದಲೇ ಕೂಗಿ ಹೇಳಿ, ನಾಯಿಯನ್ನು ಇನ್ನೊಂದು ಕೋಣೆಗೆ ಹಾಕಿ. ಕೊರಳಪಟ್ಟಿ ಹಿಡಿದುಕೊಂಡೇ ಬಾಗಿಲು ತೆಗೆಯುವ ಅಭ್ಯಾಸ ನಮ್ಮಲ್ಲಿ ಬಹಳ ಜನಕ್ಕಿದೆ. ಅದು ಸಾಲದು, ಹೆದರಿದ ನಾಯಿ ತಿರುಚಿಕೊಂಡು ಹೊರಬರುತ್ತದೆ. ಕಾರಿನಲ್ಲಿ ಎದೆಪಟ್ಟಿ ಹಾಕಿ ಸೀಟ್ ಬೆಲ್ಟಿಗೆ ಸಿಕ್ಕಿಸಿ. ಬಾಗಿಲು ತೆರೆದಿದ್ದರೂ ಅದು ಕೆಳಗೆ ಜಿಗಿಯಲು ಆಗುವುದಿಲ್ಲ.

ಎಲ್ಲಕ್ಕಿಂತ ಉಪಯೋಗದ್ದು ಚಾಪೆಯ ಅಭ್ಯಾಸ. ಬಾಗಿಲಿನಿಂದ ದೂರ, ಗೋಡೆ ಪಕ್ಕ ಒಂದು ಚಾಪೆ ಹಾಕಿ. ಮನೆಯವರೇ ಯಾರಾದರೂ ಹೊರಗೆ ಹೋಗಿ ಬೆಲ್ ಒತ್ತಲಿ. ನಾಯಿ ಚಾಪೆಗೆ ಹೋಗಿ ಕೂತರೆ ಒಂದು ತುಂಡು ಚಿಕನ್. ಮೊದಲ ದಿನ ಅದು ಬಾಗಿಲಿಗೇ ಓಡುತ್ತದೆ, ಬೇಸರ ಬೇಡ. ದಿನಕ್ಕೆ ಐದಾರು ಸಲ ಮಾಡಿ, ಒಂದೆರಡು ವಾರ ಬಿಡಬೇಡಿ. ನಿಧಾನಕ್ಕೆ ಬೆಲ್ ಸದ್ದು ಎಂದರೆ ಬಾಗಿಲಲ್ಲ, ಚಾಪೆ ಎಂದು ಅದರ ತಲೆಗೆ ಹೋಗುತ್ತದೆ. ಆಮೇಲೆ ಬೆಲ್ ಬದಲು ಜೋರಾಗಿ ಬಾಗಿಲು ಬಡಿದು ನೋಡಿ. ರಾತ್ರಿ ಟಾರ್ಚ್ ಹಿಡಿದು, ಭಾರದ ಬೂಟು ಹಾಕಿಕೊಂಡು ಬಂದು ನೋಡಿ.